ಅಳತೆ ಪುಸ್ತಕದೊಳಗಿದ್ದ ಬಂಡವಾಳ

ಮೈಸೂರಿನ ರಾಜೀವನಗರ ಎರಡನೇ ಹಂತದಲ್ಲಿ ನಾನು ಹೊಲಿಗೆ ಅಂಗಡಿ ತೆರೆದದ್ದು 2016ರಲ್ಲಿ. ಮೊದಲ ತಿಂಗಳೇ ಮೂರು ಸಾವಿರ ಕರಪತ್ರ ಮಾಡಿಸಿದೆ. ಪ್ರೆಸ್ಸಿಗೆ 2,400 ರೂಪಾಯಿ, ಬೆಳಗಿನ ಪೇಪರಿನೊಳಗೆ ಇಟ್ಟು ಹಂಚಿದ್ದಕ್ಕೆ 1,200. ಆ ಚೀಟಿ ಹಿಡಿದು ಬಂದವರು ಒಂಬತ್ತು ಜನ. ಅಂದರೆ ಒಬ್ಬ ಗಿರಾಕಿಯನ್ನು ಬಾಗಿಲಿಗೆ ಕರೆತರಲು ನನಗೆ 400 ರೂಪಾಯಿ ಬಿತ್ತು. ಆಗ ಲೈನಿಂಗ್ ಬ್ಲೌಸಿಗೆ ನಾನು ತೆಗೆದುಕೊಳ್ಳುತ್ತಿದ್ದದ್ದು 350. ಲೈನಿಂಗ್ ಬಟ್ಟೆ, ದಾರ, ಹುಕ್ಕು, ಕೆಲಸದ ಹುಡುಗಿಯ ಕೂಲಿ, ಬಾಡಿಗೆ, ಕರೆಂಟು ಎಲ್ಲ ಕಳೆದರೆ ಕೈಯಲ್ಲಿ ಉಳಿಯುತ್ತಿದ್ದದ್ದು ಹೆಚ್ಚೆಂದರೆ 120. ಒಬ್ಬೊಬ್ಬರೂ ನಾಲ್ಕು ಸಲ ಬಂದರೆ ಮಾತ್ರ ಕರಪತ್ರದ ದುಡ್ಡು ವಾಪಸ್. ಒಂಬತ್ತು ಜನರಲ್ಲಿ ಮತ್ತೆ ಮುಖ ತೋರಿಸಿದವರು ಇಬ್ಬರು.

ಈ ಲೆಕ್ಕ ನಾನು ಆಗಲೇ ಹಾಕಲಿಲ್ಲ. ಹಾಕಿದ್ದರೆ ಮುಂದಿನ ಮೂರು ವರ್ಷದ ಎಷ್ಟೋ ದುಡ್ಡು ಉಳಿಯುತ್ತಿತ್ತು. ಸಣ್ಣ ಅಂಗಡಿಯವರು ಜಾಹೀರಾತನ್ನು ಖರ್ಚಿನ ಖಾತೆಗೆ ಬರೆದು ಮರೆತುಬಿಡುತ್ತೇವೆ. ಬಟ್ಟೆ ಕೊಳ್ಳುವಾಗ ಮೀಟರಿಗೆ ಎರಡು ರೂಪಾಯಿ ಚೌಕಾಸಿ ಮಾಡುವ ನಾನು, ಒಬ್ಬ ಹೊಸ ಗಿರಾಕಿ ಎಷ್ಟಕ್ಕೆ ಬಿದ್ದಳು, ವರ್ಷಕ್ಕೆ ಎಷ್ಟು ಕೊಟ್ಟಳು ಎಂದು ಕೇಳಿಕೊಂಡೇ ಇರಲಿಲ್ಲ.

ಕರಪತ್ರ ಏಕೆ ಸೋತಿತು ಎಂಬುದು ಆಮೇಲೆ ಹೊಳೆಯಿತು. ನನ್ನ ಸುತ್ತಿನ ಬೀದಿಗಳಲ್ಲಿ ಪೇಪರು ಹಾಕಿಸಿಕೊಳ್ಳದ ಮನೆಗಳೇ ಜಾಸ್ತಿ. ಬರುವ ಮನೆಯಲ್ಲೂ ಬ್ಲೌಸು, ಚೂಡಿದಾರ್ ಎಲ್ಲಿ ಹೊಲಿಸಬೇಕೆಂದು ತೀರ್ಮಾನಿಸುವ ಹೆಂಗಸು ಕರಪತ್ರ ಓದಿ ತೀರ್ಮಾನಿಸುವುದಿಲ್ಲ. ಪಕ್ಕದ ಮನೆಯವಳ ತೋಳು ಹೇಗೆ ಕೂತಿದೆ ಎಂದು ನೋಡಿ ತೀರ್ಮಾನಿಸುತ್ತಾಳೆ.

ಎರಡನೆಯ ಪಾಠ ಬೋರ್ಡಿನದು. ಶುರುವಿನಲ್ಲಿ ಅಂಗಡಿಗೆ ಇಂಗ್ಲಿಷಿನಲ್ಲಿ ಉದ್ದದ ಹೆಸರಿಟ್ಟಿದ್ದೆ. ಒಬ್ಬರೂ ಆ ಹೆಸರು ಹೇಳಲಿಲ್ಲ. ಅಂಗಡಿಯ ಮರದ ಬಾಗಿಲಿಗೆ ಮನೆ ಮಾಲೀಕರು ಗಾಢ ನೀಲಿ ಬಣ್ಣ ಹೊಡೆಸಿದ್ದರು. ಅಕ್ಕಪಕ್ಕದವರಿಗೆ ನಾನು 'ನೀಲಿ ಬಾಗಿಲ ಅಕ್ಕ', ದಖನಿ ಮಾತಾಡುವ ಮನೆಗಳಲ್ಲಿ 'ನೀಲೇ ದರವಾಜೆವಾಲಿ ಆಪಾ'. ಅಂಗಡಿಗಳ ಫಲಕದಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕು ಎಂಬ ತಿದ್ದುಪಡಿ ಕಾಯ್ದೆ 2024ರಲ್ಲಿ ಬಂದಾಗ ಹೇಗಿದ್ದರೂ ಬೋರ್ಡು ಬದಲಿಸಬೇಕಿತ್ತು. ಹಳೇ ಹೆಸರನ್ನೇ ಕನ್ನಡದಲ್ಲಿ ಬರೆಸುವ ಬದಲು 'ನೀಲಿ ಬಾಗಿಲು' ಎಂದೇ ಬರೆಸಿದೆ. ಮೇಲೆ ದೊಡ್ಡದಾಗಿ ಕನ್ನಡ, ಕೆಳಗೆ ಉರ್ದು, ಪಕ್ಕದಲ್ಲಿ ಒಂದು ನೀಲಿ ಬಾಗಿಲ ಚಿತ್ರ. ಖರ್ಚು 2,800. ಗೂಗಲ್ ಮ್ಯಾಪಿನಲ್ಲೂ ಅದೇ ಹೆಸರು ಹಾಕಿದೆ, ಅದಕ್ಕೆ ಖರ್ಚಿಲ್ಲ. 'ಅಲ್ ಬದರ್ ಸರ್ಕಲ್ ಹತ್ತಿರ ನಿಂತಿದ್ದೀನಿ, ಎಲ್ಲಿ ಬರಬೇಕು' ಎಂಬ ಫೋನುಗಳು ಅರ್ಧ ಕಡಿಮೆಯಾದವು.

ಈ ಬುದ್ಧಿ ನನ್ನದೇನಲ್ಲ, ನಮ್ಮ ಊರಿನ ಹಳೆಯ ಬುದ್ಧಿ. ಎನ್. ರಂಗರಾವ್ ಅವರು 1948ರಲ್ಲಿ ಮೈಸೂರಿನಲ್ಲಿ ಅಗರಬತ್ತಿ ವ್ಯಾಪಾರ ಶುರುಮಾಡಿ ಅದಕ್ಕೆ ಇಟ್ಟ ಹೆಸರು ಸೈಕಲ್. ಗಂಧ, ಪೂಜೆ, ದೇವರು, ಯಾವುದೂ ಆ ಹೆಸರಿನಲ್ಲಿಲ್ಲ. ಆದರೆ ಆ ಪದ ಯಾವ ಭಾಷೆಯವರ ಬಾಯಲ್ಲೂ ಹೊರಳುತ್ತದೆ, ಚಿತ್ರ ನೋಡಿದರೆ ಅಕ್ಷರ ಬಾರದವರೂ ಅಂಗಡಿಯಲ್ಲಿ ಬೆರಳು ಮಾಡಿ ಕೇಳಬಹುದು. ನಮ್ಮಮ್ಮ ಮನೆಯಲ್ಲಿ ಕೂತು ಕೂಲಿಗೆ ಬತ್ತಿ ಹೊಸೆದವರು. ಸಾವಿರ ಬತ್ತಿಗೆ ಇಷ್ಟು ಎಂದು ಎಣಿಸಿ ದುಡ್ಡು ತರುತ್ತಿದ್ದ ಅವರಿಗೂ ಓದು ಬರುತ್ತಿರಲಿಲ್ಲ. ಆದರೆ ಯಾವ ಪ್ಯಾಕೆಟ್ಟು ಯಾವುದು ಎಂದು ಚಿತ್ರ ನೋಡಿ ಹೇಳುತ್ತಿದ್ದರು. ಅದನ್ನು ಕಣ್ಣಾರೆ ಕಂಡು ಬೆಳೆದ ನಾನು ಇಂಗ್ಲಿಷ್ ಹೆಸರಿಗೆ ಯಾಕೆ ಬಿದ್ದೆ ಎಂದು ಈಗಲೂ ನೋವಾಗುತ್ತದೆ.

ನಡುವೆ ಇನ್ಸ್ಟಾಗ್ರಾಂ ಜಾಹೀರಾತು ಮಾಡಿಕೊಡುತ್ತೇವೆಂದು ಬಂದ ಒಬ್ಬರಿಗೆ 8,000 ಕೊಟ್ಟೆ. ಸಾವಿರಾರು ಜನ ನೋಡಿದರು ಎಂಬ ಲೆಕ್ಕ ಬಂತು. ಹೈದರಾಬಾದಿನಿಂದ, ಪುಣೆಯಿಂದ ದರ ಕೇಳಿದರು. ಅಂಗಡಿಗೆ ಬಂದವರು ಇಬ್ಬರು. ಹೊಲಿಗೆ ಅಂಗಡಿಗೆ ನಡೆದು ಬರುವಷ್ಟು ದೂರದವರೇ ಗಿರಾಕಿಗಳು. ಉದಯಗಿರಿ, ಶಾಂತಿನಗರ, ಕಲ್ಯಾಣಗಿರಿ ದಾಟಿದವರಿಗೆ ತೋರಿಸಿದ ಜಾಹೀರಾತು ನನಗೆ ದಂಡ.

'ಶೇಕಡ 20 ರಿಯಾಯಿತಿ' ಎಂಬ ಬ್ಯಾನರನ್ನೂ ಒಮ್ಮೆ ಕಟ್ಟಿದ್ದೆ. 400 ರೂಪಾಯಿಯ ಹೊಲಿಗೆಯಲ್ಲಿ 150 ಉಳಿಯುತ್ತಿದ್ದರೆ, 80 ರಿಯಾಯಿತಿ ಕೊಟ್ಟ ಮೇಲೆ ಉಳಿಯುವುದು 70. ಮೊದಲಿನಷ್ಟೇ ಲಾಭ ಕಾಣಬೇಕಾದರೆ ಎರಡರಷ್ಟಕ್ಕಿಂತ ಜಾಸ್ತಿ ಹೊಲಿಯಬೇಕು. ನನ್ನಲ್ಲಿ ಇದ್ದದ್ದು ಎರಡು ಮಷೀನು, ಒಂದು ಓವರ್‌ಲಾಕು. ದರ ಇಳಿಸಬಹುದು, ದಿನಕ್ಕೆ ಗಂಟೆ ಸೇರಿಸಲಾಗುವುದಿಲ್ಲ.

ಹಾಗಾದರೆ ಏನು ಫಲಿಸಿತು? ಕಟಿಂಗ್ ಮೇಜಿನ ಡ್ರಾಯರಿನಲ್ಲಿ ಬಿದ್ದಿದ್ದ ಅಳತೆ ಪುಸ್ತಕ. ಎದೆ, ಸೊಂಟ, ತೋಳು, ಕುತ್ತಿಗೆ, ಹೆಸರು, ಫೋನ್ ನಂಬರು, ಬಟ್ಟೆ ಕೊಟ್ಟ ತಾರೀಕು. ಲಾಕ್‌ಡೌನ್ ಕಾಲದಲ್ಲಿ ಅಂಗಡಿ ಮುಚ್ಚಿದ್ದಾಗ ಮನೆಗೆ ತಂದು ಪುಟ ಪುಟ ತಿರುವಿದೆ. ನಾಲ್ಕು ವರ್ಷದಲ್ಲಿ 412 ಹೆಸರು. ಅದರಲ್ಲಿ ವರ್ಷದೊಳಗೆ ಮತ್ತೆ ಬಂದವರು 130ರ ಆಸುಪಾಸು. ಮಿಕ್ಕವರನ್ನು ಬೇರೆಯವರೇನೂ ಕಸಿದುಕೊಂಡಿರಲಿಲ್ಲ, ನಾನೇ ಒಂದು ಮಾತು ಕೇಳಿರಲಿಲ್ಲ. ಮೂರು ಸಾವಿರ ಅಪರಿಚಿತರಿಗೆ ಕರಪತ್ರ ಹಂಚಿದವಳು, ಕೈಯಲ್ಲಿದ್ದ ಇನ್ನೂರೆಂಬತ್ತು ಪರಿಚಿತರನ್ನು ಡ್ರಾಯರಿನಲ್ಲಿ ಮುಚ್ಚಿಟ್ಟಿದ್ದೆ.

ಅಂದಿನಿಂದ ಮಾಡಿದ್ದು ಬಹಳ ಸಣ್ಣ ಕೆಲಸ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿದೆ. ಒಂದು ಪಟ್ಟಿಗೆ 256 ಜನ ಹಿಡಿಸುತ್ತಾರೆ, ಆದರೆ ನಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಮುಟ್ಟುತ್ತದೆ. ಇದು ಎಷ್ಟೋ ಅಂಗಡಿಯವರಿಗೆ ಗೊತ್ತಿಲ್ಲ, ಕಳಿಸುತ್ತಲೇ ಇರುತ್ತಾರೆ, ಹೋಗುವುದೇ ಇಲ್ಲ. ಅದಕ್ಕೇ ಬಟ್ಟೆ ತೆಗೆದುಕೊಳ್ಳುವಾಗ ಕೌಂಟರಿನಲ್ಲೇ ನಂಬರು ಸೇವ್ ಮಾಡಿಸುತ್ತೇನೆ. ತಿಂಗಳಿಗೆ ಎರಡೇ ಸಂದೇಶ. ಫೋಟೋದಲ್ಲಿ ಹ್ಯಾಂಗರಿಗೆ ಹಾಕಿದ ಬಟ್ಟೆ ಮಾತ್ರ, ಹಾಕಿಕೊಂಡವರ ಮುಖವಿಲ್ಲ. ನಮ್ಮ ಬಡಾವಣೆಯ ಹೆಂಗಸರು ಮುಖ ತೋರಿಸುವುದನ್ನು ಇಷ್ಟಪಡುವುದಿಲ್ಲ, ಆ ಮರ್ಯಾದೆ ಕೊಟ್ಟದ್ದಕ್ಕೇ ಕೆಲವರು ಬಂದಿದ್ದಾರೆ. ಹಳೇ ಗಿರಾಕಿ ಹೊಸಬರನ್ನು ಕರೆತಂದರೆ ಆಕೆಯ ಒಂದು ಸೀರೆಗೆ ಫಾಲ್ಸ್, ಪೀಕೋ ಬಿಟ್ಟಿ. ನನಗೆ ಬೀಳುವುದು ಫಾಲ್ಸ್ ಪಟ್ಟಿ, ದಾರ, ಹುಡುಗಿಯ ಸಮಯ ಸೇರಿ 60 ರೂಪಾಯಿ. ಕರಪತ್ರದ 400 ಎಲ್ಲಿ, ಇದೆಲ್ಲಿ. ಮೇಲಾಗಿ ಗೆಳತಿ ಕರೆತಂದವಳು ಬೇಗ ಬಿಟ್ಟು ಹೋಗುವುದಿಲ್ಲ.

ಇನ್ನೊಂದು, ಕಾಲದ ಲೆಕ್ಕ. ರಂಜಾನ್ ಪ್ರತಿ ವರ್ಷ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತದೆ. 2025ರಲ್ಲಿ ಈದ್ ಮಾರ್ಚ್ 31ಕ್ಕೆ ಬಂತು. ಹಬ್ಬದ ಬಟ್ಟೆಗೂ ಶಾಲೆಯ ಯೂನಿಫಾರ್ಮಿಗೂ ನಡುವೆ ಎರಡು ತಿಂಗಳು ಸಿಕ್ಕಿತು. ಅಂಥ ಬಿಡುವಿನಲ್ಲೇ ನಾನು ಪ್ರಚಾರಕ್ಕೆ ದುಡ್ಡು ಹಾಕುತ್ತೇನೆ. ಕೈ ತುಂಬ ಕೆಲಸವಿರುವಾಗ ಹಾಕಿದ ದುಡ್ಡು ಗಿರಾಕಿಯನ್ನು ತಂದು ವಾಪಸ್ ಕಳಿಸುತ್ತದೆ. ಹಬ್ಬದ ಬಟ್ಟೆಯವರಿಗೆ ರಂಜಾನಿಗೆ ಎರಡು ವಾರ ಮುಂಚೆ ಬರುವ ಶಬೆ ಬರಾತ್ ಮುಗಿದ ವಾರವೇ ಸಂದೇಶ ಹೋಗುತ್ತದೆ: ಈಗ ಕೊಟ್ಟರೆ ಹೊಲಿಗೆಯಲ್ಲಿ 30 ರೂಪಾಯಿ ಕಡಿಮೆ, ಹದಿನೈದನೇ ರೋಜಾ ಆದಮೇಲೆ ತೆಗೆದುಕೊಳ್ಳುವುದಿಲ್ಲ.

ಆ ಕೊನೆಯ ಸಾಲು ಬರೆಯಲು ನನಗೆ ಕಲಿಸಿದ್ದು 2019. ಆ ವರ್ಷ ಈದ್ ಜೂನ್ 5ಕ್ಕೆ ಬಿತ್ತು, ಶಾಲೆಗಳೂ ಅದೇ ದಿನಗಳಲ್ಲಿ ತೆರೆದವು. ಎರಡೂ ಕಡೆಯ ಆರ್ಡರು ಬಿಡಲು ಮನಸ್ಸಾಗಲಿಲ್ಲ, ಎಲ್ಲಕ್ಕೂ ಹೂಂ ಎಂದೆ. ಈದ್ ಹಿಂದಿನ ರಾತ್ರಿ, ಚಾಂದ್ ರಾತ್‌ನ ಹನ್ನೊಂದು ಗಂಟೆಗೆ ಹನ್ನೊಂದು ಬಟ್ಟೆ ಇನ್ನೂ ಮಷೀನಿನ ಮೇಲಿದ್ದವು. ಒಬ್ಬ ತಾಯಿ ಏಳು ವರ್ಷದ ಮಗಳನ್ನು ಕರೆದುಕೊಂಡು ಮೂರನೇ ಸಲ ಬಂದು ಬಾಗಿಲಲ್ಲಿ ನಿಂತರು. ಹಸಿರು ಫ್ರಾಕಿಗೆ ಒಂದೇ ತೋಳು ಕೂತಿತ್ತು. ಆಕೆ ಬೈಯಲಿಲ್ಲ. 'ರಹನೇ ದೋ ಆಪಾ', ಇರಲಿ ಬಿಡಿ ಅಕ್ಕ, ಎಂದು ಬಟ್ಟೆಯನ್ನು ಹಾಗೇ ತೆಗೆದುಕೊಂಡು ಹೋದರು. ಆ ಮನೆಯಿಂದ ವರ್ಷಕ್ಕೆ 9,000 ರೂಪಾಯಿಯ ಕೆಲಸ ಬರುತ್ತಿತ್ತು. ಅತ್ತೆ, ಇಬ್ಬರು ನಾದಿನಿಯರು, ಮಕ್ಕಳು, ಯಾರೂ ಮತ್ತೆ ಬರಲಿಲ್ಲ.

ಈಗ ಹೇಳಿದ ತಾರೀಕಿಗಿಂತ ಒಂದು ದಿನ ಮೊದಲೇ ಬಟ್ಟೆ ತಯಾರಿರುತ್ತದೆ. 'ಆಯಿತು, ಬನ್ನಿ' ಎಂದು ನಾನೇ ಫೋನು ಮಾಡುತ್ತೇನೆ. ಹೋದ ವರ್ಷ ಪ್ರಚಾರಕ್ಕೆ ಖರ್ಚಾದದ್ದು ಒಟ್ಟು 5,400 ರೂಪಾಯಿ, ಹೊಸದಾಗಿ ಬಂದವರು 71. ತಲೆಗೆ 76.

ಪ್ರತಿ ವರ್ಷ ರಂಜಾನಿನ ಹಿಂದಿನ ಶಾಬಾನ್ ತಿಂಗಳಲ್ಲಿ ಅಳತೆ ಪುಸ್ತಕ ಬಿಡಿಸಿದಾಗ ಆ ಮನೆಯ ಪುಟ ಸಿಗುತ್ತದೆ. ಫ್ರಾಕು, ಎದೆ 24, ಉದ್ದ 26, ಪಫ್ ತೋಳು. ಹುಡುಗಿ ಈಗ ಹೈಸ್ಕೂಲಿನಲ್ಲಿರಬೇಕು, ಆ ಅಳತೆ ಯಾವ ಕೆಲಸಕ್ಕೂ ಬಾರದು. ಆದರೂ ಅವರ ಅಮ್ಮನ ನಂಬರಿಗೆ ಸಂದೇಶ ಕಳಿಸುತ್ತೇನೆ, ಬ್ರಾಡ್‌ಕಾಸ್ಟಿನಲ್ಲಿ ಅಲ್ಲ, ಬೇರೆಯಾಗಿ, ಹೆಸರು ಹಿಡಿದು. ಎರಡು ನೀಲಿ ಟಿಕ್ ಬೀಳುತ್ತವೆ. ಉತ್ತರ ಇನ್ನೂ ಬಂದಿಲ್ಲ.