ಪ್ರಶ್ನೆಗೂ ಬೇಕು ಟೆಸ್ಟಿಂಗ್

ಕೋಡ್ ಬರೆದ ಮೇಲೆ ಟೆಸ್ಟ್ ಮಾಡದೆ ನಾವ್ಯಾರೂ ಸಬ್ಮಿಟ್ ಮಾಡಲ್ಲ. ಆರೋಗ್ಯ ಸಮೀಕ್ಷೆಗೆ ಬರೆದ ಪ್ರಶ್ನೆಗಳನ್ನ? ಕೊಡಗಿನ ಕುಟ್ಟಕ್ಕೆ ಹೋಗುವ ತನಕ ನಮಗೂ ಇದು ಹೊಳೆದಿರಲಿಲ್ಲ.

ಕಾಫಿ ಕುಯ್ಯುವ ಸಮಯ. ಪ್ರಾಜೆಕ್ಟಿಗಾಗಿ ತೋಟದ ಲೈನ್ ಮನೆಯಲ್ಲಿ ಒಬ್ಬ ಅಕ್ಕನ ಹತ್ರ ಕೇಳಿದೆವು: "ಕಳೆದ 7 ದಿನಗಳಲ್ಲಿ ಎಷ್ಟು ದಿನ ದೈಹಿಕ ಚಟುವಟಿಕೆ ಮಾಡಿದ್ದೀರಿ?"

"ಒಂದು ದಿನಾನೂ ಇಲ್ಲಪ್ಪ."

ಸೊನ್ನೆ ಬರೆದುಕೊಂಡೆವು. ಅವರು ಆಗಷ್ಟೇ ಇಡೀ ದಿನ ಕಾಫಿ ಕುಯ್ದು, ಚೀಲ ಹೊತ್ತು ಬಂದಿದ್ದರು!

"ಚಟುವಟಿಕೆ ಅಂದ್ರೆ ಏನು ಅಂದ್ಕೊಂಡ್ರಿ ಅಕ್ಕ?"

"ಸ್ಕೂಲಲ್ಲಿ ಮಕ್ಕಳು ಮಾಡ್ತಾರಲ್ಲ, ಡ್ರಿಲ್ಲು."

ಈ ಎರಡನೇ ಪ್ರಶ್ನೆಯೇ ಕಾಗ್ನಿಟಿವ್ ಇಂಟರ್‌ವ್ಯೂನ ಜೀವ. ಉತ್ತರ ಕೊಡುವವರು ಪ್ರಶ್ನೆ ಅರ್ಥ ಮಾಡಿಕೊಳ್ಳಬೇಕು, ನೆನಪಿಸಿಕೊಳ್ಳಬೇಕು, ಅಂದಾಜು ಮಾಡಬೇಕು, ಆಮೇಲೆ ಉತ್ತರ ಆರಿಸಬೇಕು ಅಂತ ಮನಶ್ಶಾಸ್ತ್ರಜ್ಞ ರೋಜರ್ ಟುರಾಂಜೋ 1984ರಲ್ಲೇ ವಿವರಿಸಿದ್ದರು. ನಮ್ಮ ಪ್ರಶ್ನೆ ಮೊದಲನೇ ಮೆಟ್ಟಿಲಲ್ಲೇ ಎಡವಿತ್ತು. ಆ ಸೊನ್ನೆ ಹಾಗೇ ಉಳಿದಿದ್ರೆ, ಮಂಡಿನೋವು ಅಂತ ಕೂತಿದ್ದ ಅವರಿಗೆ ನಮ್ಮ ವರದಿ 'ದಿನಾ ವಾಕಿಂಗ್ ಮಾಡಿ' ಅಂತ ಸಲಹೆ ಕೊಡ್ತಿತ್ತು.

ಇದಕ್ಕೆ ನೂರಾರು ಜನ ಬೇಡ. ಒಂದು ಸುತ್ತಿಗೆ ಹತ್ತು-ಹದಿನೈದು ಮಂದಿ ಸಾಕು. ತಿದ್ದಿ, ಮತ್ತೆ ಕೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಜಿಪ್ಯಾಕ್ ಪ್ರಶ್ನಾವಳಿ ಕೆಲಸ, ಓಡಾಟ, ಬಿಡುವಿನ ಆಟೋಟ ಮೂರನ್ನೂ ಬೇರೆ ಬೇರೆ ಕೇಳೋದು ಯಾಕೆ ಅಂತ ಆಗ ತಿಳೀತು. ನಾವೂ 'ಕಾಫಿ ಕುಯ್ಯೋದು, ಸೌದೆ ತರೋದು, ನೀರು ಹೊರೋದು' ಅಂತ ಬಿಡಿಸಿ ಬರೆದೆವು. '7 ದಿನ'ವೂ ಕೈಕೊಟ್ಟಿತ್ತು: ಅಕ್ಕನ ಲೆಕ್ಕ ಬಟವಾಡೆಯಿಂದ ಬಟವಾಡೆಗೆ.

ಮುಂದಿನ ಸಲ ಯರವ ಭಾಷೆ ಮಾತಾಡುವ ಮನೆಗಳಿಗೆ ಹೋಗ್ತೇವೆ. ಅಲ್ಲಿ ನಮ್ಮ ತಿದ್ದಿದ ಕನ್ನಡವೂ ಮತ್ತೆ ಮೊದಲನೇ ಸುತ್ತಿನಿಂದಲೇ ಶುರು.