ಒಂದೇ ದಿನಕ್ಕೆ ಎಲ್ಲವನ್ನೂ ನೋಡಹೊರಡಬೇಡಿ

ಮಕ್ಕಳ ಮನೆಗೆಂದು ಲಂಡನ್ನಿಗೆ ಹೋಗುವ ನಮ್ಮವರು ಸೌತ್ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೂ ಹೋಗುತ್ತಾರೆ. ಒಳ್ಳೆಯದೇ. ಆದರೆ ಹೆಚ್ಚಿನವರು ಒಂದು ತಪ್ಪು ಮಾಡುತ್ತಾರೆ. ಇಷ್ಟು ದೂರ ಬಂದಿದ್ದೇವೆ, ಎಲ್ಲವನ್ನೂ ನೋಡಿಯೇಬಿಡೋಣ ಎಂದು ಕೋಣೆಯಿಂದ ಕೋಣೆಗೆ ಓಡುತ್ತಾರೆ. 1852ರಲ್ಲಿ ಆರಂಭವಾದ ಆ ಸಂಗ್ರಹಾಲಯದಲ್ಲಿ ಸಾವಿರಾರು ವರ್ಷಗಳ ಕಲೆ, ಕುಸುರಿ ಕೆಲಸ, ನೇಯ್ಗೆ, ಪೀಠೋಪಕರಣಗಳು ತುಂಬಿವೆ. ಅದು ಒಂದು ದಿನಕ್ಕೆ ಮುಗಿಯುವಂಥದ್ದಲ್ಲ. ಓಡಿದವರಿಗೆ ಸಂಜೆ ಉಳಿಯುವುದು ಕಾಲುನೋವು, ಮೊಬೈಲಿನ ತುಂಬ ಫೋಟೊ ಮಾತ್ರ.

ಹೋಗುವ ಮೊದಲೇ ನಾಲ್ಕೈದು ವಸ್ತುಗಳನ್ನು ಆರಿಸಿಕೊಳ್ಳಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರು ಹೊತ್ತೊಯ್ದ ಟಿಪ್ಪುವಿನ ಮರದ ಹುಲಿ ಅಲ್ಲಿದೆ. ಒಂದು ಸೆಲ್ಫಿ ತೆಗೆದು ಮುಂದೆ ಹೋಗಬೇಡಿ. ಸುತ್ತ ಬಂದು ನೋಡಿ: ಶಬ್ದ ಹೊರಡಿಸಲು ತಿರುಗಿಸುವ ಹಿಡಿಕೆ, ಮೈಯೊಳಗೆ ಅಡಗಿಸಿದ ಆರ್ಗನ್ ಕಾಣುತ್ತವೆ. ಇರಾನಿನ ಅರ್ದಬಿಲ್ ರತ್ನಗಂಬಳಿಯ ಬಣ್ಣ ಮಾಸದಿರಲೆಂದು ಅರ್ಧ ಗಂಟೆಗೊಮ್ಮೆ ಹತ್ತು ನಿಮಿಷ ಮಾತ್ರ ದೀಪ ಹಚ್ಚುತ್ತಾರೆ. ಆ ಹೊತ್ತಿಗೆ ಅಲ್ಲಿರಿ.

ಸಾಮಾನ್ಯ ಪ್ರವೇಶ ಉಚಿತ, ದುಡ್ಡು ವಸೂಲಾಗಬೇಕೆಂಬ ಆತುರ ಬೇಡ. ವಿಶೇಷ ಪ್ರದರ್ಶನಗಳಿಗೆ ಟಿಕೆಟ್ ಉಂಟು, ಮೊದಲೇ ಕೊಳ್ಳಿ. ಭಾರದ ಚೀಲ ಮನೆಯಲ್ಲಿರಲಿ. ವಸ್ತುವಿನ ಪಕ್ಕದ ಫಲಕ ಓದದೆ ಕದಲಬೇಡಿ. ಮಕ್ಕಳು ಒಂದೇ ಕಡೆ ನಿಂತರೆ ಎಳೆದೊಯ್ಯಬೇಡಿ, ಕಣ್ತುಂಬ ನೋಡಲು ಬಿಡಿ. ಉಳಿದದ್ದಕ್ಕೆ ಇನ್ನೊಂದು ದಿನ ಹೋಗಿ.