ನುಡಿಯ ಸವಿ

ಮಠದ ಪಾಠಶಾಲೆಗಳಲ್ಲಿ ಎಳೆಯರು ಪಾಠವನ್ನು ಬಾಯಿಪಾಠ ಮಾಡುವಾಗ ಕೆಲವು ಶಬ್ದಗಳನ್ನು ಬೇಕೆಂದೇ ಎರಡು ಮೂರು ಸಲ ಹೇಳಿ ನಗುವುದುಂಟು. ನಟ್ಟನಡು, ತುತ್ತತುದಿ, ಕಟ್ಟಕಡೆ: ಇವುಗಳ ಅರ್ಥದಲ್ಲಿ ನಗೆಗೆ ಎಡೆಯಿಲ್ಲ, ನಗೆ ಹುಟ್ಟುವುದು ನಾಲಗೆಯ ನೆಗೆತದಿಂದ. ಹಿರಿಯರು ಇದನ್ನು ಚಾಪಲ್ಯವೆಂದು ಗದರುವರು. ಆದರೆ ವಚನವನ್ನು ಕಲಿಯುವ ಮಗುವಿಗೆ ಅರ್ಥಕ್ಕಿಂತ ಮೊದಲು ದೊರೆಯುವುದು ಈ ಸವಿಯೇ ಆದುದರಿಂದ, ಗದರುವ ಮುನ್ನ ವಿಚಾರಿಸುವುದು ಯುಕ್ತ.

ಕನ್ನಡವು ಈ ಬಗೆಯ ಶಬ್ದಗಳಲ್ಲಿ ಸಿರಿವಂತ ಭಾಷೆ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅನುಕರಣ ಶಬ್ದಗಳಿಗೂ ಸ್ಥಾನವಿತ್ತಿರುವನು. ಧಗಧಗ, ಜುಳುಜುಳು ಎಂಬವು ಕಿವಿಗೆ ಬಿದ್ದ ಸದ್ದಿನ ಅನುಕರಣವೆನ್ನಬಹುದು. ಥಳಥಳ ಎಂಬುದಕ್ಕೇನು ಹೇಳೋಣ? ಬೆಳಕಿಗೆ ಸದ್ದೆಲ್ಲಿಯದು? ಆದರೂ ಶಬ್ದ ಕೇಳಿದೊಡನೆ ಹೊಳಪು ಕಣ್ಣಿಗೆ ಕಟ್ಟುವುದು. ಹಾಲುಗೀಲು, ಮರಗಿರ ಎಂಬಲ್ಲಿ ಗೀಲು, ಗಿರಗಳಿಗೆ ಸ್ವತಂತ್ರಾರ್ಥವಿಲ್ಲ. 'ಮೊದಲಾದುವು' ಎಂಬ ಭಾವವನ್ನು ಬರಿಯ ಧ್ವನಿಯೇ ಹೊತ್ತಿದೆ. (ಗಿಡಗಂಟಿ ಈ ಜಾತಿಯದಲ್ಲ, ಕಂಟಿಯೆಂದರೆ ಪೊದೆ.)

ಬಯಲು ಎಂಬುದು ದ್ವಿರುಕ್ತಿಯಲ್ಲಿ ಬಟ್ಟಬಯಲಾಗುವುದು. ಶರಣರಿಗೆ ಬಯಲೆಂದರೆ ಬರಿಯ ಮೈದಾನವಲ್ಲ, ನಿರವಯವಾದ ಶೂನ್ಯತತ್ತ್ವ. ಈಗ ಉಚ್ಚಾರಣೆಯನ್ನು ಗಮನಿಸಬೇಕು. 'ಬಟ್ಟ' ಎನ್ನುವಾಗ ತುಟಿ ಮುಚ್ಚಿ, ನಾಲಗೆ ಮೂರ್ಧಕ್ಕೆ ಒತ್ತಿ, ಉಸಿರು ಎರಡು ಕಡೆ ತಡೆಯಲ್ಪಡುವುದು, ವ್ಯಂಜನಗಳೆಲ್ಲ ವರ್ಗೀಯ. 'ಬಯಲು' ಎನ್ನುವಾಗ ಬಕಾರವನ್ನು ದಾಟಿದೊಡನೆ ಯ, ಲ ಎಂಬ ಅವರ್ಗೀಯಗಳು. ಉಸಿರು ಸಡಿಲವಾಗಿ ಹರಿಯುವುದು. ತಡೆ ಮೊದಲು, ಬಿಡುಗಡೆ ಬಳಿಕ. ಮಗು ಇದನ್ನು ತಿಳಿದು ಹೇಳುವುದಿಲ್ಲ. ಅದರ ಬಾಯಿ ಬಲ್ಲದು.

ಆದರೆ ಆಕ್ಷೇಪವೂ ಹುರುಳಿಲ್ಲದ್ದಲ್ಲ. ಸವಿಯೇ ಸಾಕೆಂದು ನಿಂತವನಿಗೆ ವಚನವು ಗಿಲಕಿಯಾಗುವುದು. ನುಡಿಗೆ ಮುತ್ತು, ಮಾಣಿಕ್ಯ, ಸ್ಫಟಿಕಗಳ ಹೋಲಿಕೆಯನ್ನಿತ್ತ ಬಸವಣ್ಣನವರು ಅದೇ ವಚನದ ಕೊನೆಯಲ್ಲಿ ನಡೆಯ ಪ್ರಶ್ನೆಯನ್ನೆತ್ತಿದರು. ಆ ಪ್ರಶ್ನೆಯನ್ನು ಬಿಟ್ಟು ಹೋಲಿಕೆಗಳನ್ನಷ್ಟೇ ಸಭೆಗಳಲ್ಲಿ ಹಾಡಿ ತಲೆದೂಗುವವರು ಇಂದಿಗೂ ಕಡಿಮೆಯಿಲ್ಲ. ಅಂಥವರ ಚಾಪಲ್ಯವು ಮಕ್ಕಳದಕ್ಕಿಂತ ದೊಡ್ಡದು.

ಹಾಗಾದರೆ ಸವಿಯನ್ನು ತೊರೆಯಬೇಕೆ? ಷಟ್‌ಸ್ಥಲ ಶಾಸ್ತ್ರವು ಹಾಗೆನ್ನುವುದಿಲ್ಲ. ನುಡಿಯುವ ವಾಕ್ಕು ಕರ್ಮೇಂದ್ರಿಯ. ನುಡಿದುದನ್ನು ಸವಿಯುವ ಶ್ರೋತ್ರ ಜ್ಞಾನೇಂದ್ರಿಯ. ಆ ಶ್ರೋತ್ರದಲ್ಲಿ ನೆಲಸಿರುವುದು ಪ್ರಸಾದಲಿಂಗ, ಅದಕ್ಕೆ ಅರ್ಪಿಸತಕ್ಕ ದ್ರವ್ಯ ಶಬ್ದ. ನಾಲಗೆಯ ರುಚಿಯನ್ನು ಗುರುಲಿಂಗಕ್ಕೆ ಅರ್ಪಿಸುವವನು ಊಟವನ್ನು ಸಪ್ಪೆ ಮಾಡಿಕೊಳ್ಳಬೇಕಾಗಿಲ್ಲ. ಅಂತೆಯೇ ಕಿವಿಯ ಸುಖವನ್ನು ಅರ್ಪಿಸುವವನು ನುಡಿಯನ್ನು ನೀರಸಗೊಳಿಸಬೇಕಾಗಿಲ್ಲ. ಅರ್ಪಿತವಾಗದೆ ಭೋಗಿಸುವುದಷ್ಟೇ ದೋಷ.

ಆದುದರಿಂದ ಉಪಾಧ್ಯಾಯರು ಮಗು ಬಟ್ಟಬಯಲು ಎಂದು ನಕ್ಕಾಗ ಬೆತ್ತವನ್ನು ಹುಡುಕದೆ, ಇನ್ನೊಮ್ಮೆ ಹೇಳಿಸಿ, ಬಯಲೆಂದರೇನೆಂದು ಆಗಲೇ ಕೇಳುವುದು ಲೇಸು.